ಮಧ್ಯಾಹ್ನ ಮೂರರ ಮೀನಿನ ಹಾರ್ನ್

ಬೆಳ್ಮಣ್ಣಿನ ಗುಣವತಿಗೆ ಈಗ ಮೂವತ್ತೊಂಬತ್ತು. ಎರಡು ವರ್ಷದ ಹಿಂದೆ ಕಾರ್ಕಳದ ಡಾಕ್ಟರಮ್ಮ ಅವಳ ರಕ್ತದ ರಿಪೋರ್ಟ್ ನೋಡಿ ಕಬ್ಬಿಣದ ಮಾತ್ರೆ ಬರೆದರು. ಅದರ ಕೆಳಗೆ 'ವಿಶ್ರಾಂತಿ' ಎಂದೂ ಬರೆದರು. ಮಾತ್ರೆ ಮೆಡಿಕಲ್ಲಿನಲ್ಲಿ ಸಿಕ್ಕಿತು. ಚೀಟಿಯ ಎರಡನೆಯ ಸಾಲನ್ನು ಮನೆಯಲ್ಲಿ ಯಾರೂ ಓದಲಿಲ್ಲ.

ಅವಳ ದಿನ ಐದಕ್ಕೆ ಕಾಲು ಗಂಟೆ ಇರುವಾಗ ಪಂಪಿನ ಸ್ವಿಚ್ಚು ಹಾಕುವುದರಿಂದ ಶುರುವಾಗುತ್ತಿತ್ತು. ಕುಚ್ಚಲಕ್ಕಿ ಬೇಯಲು ಇಟ್ಟು, ತಿಂಡಿ ಮಾಡಿ, ಎಂಟನೆಯ ಕ್ಲಾಸಿನ ಮಗಳು ಅಕ್ಷಿತಾಳ ಟಿಫಿನ್ ತುಂಬಿಸಿ, ಕಾರ್ಕಳದ ಹಾರ್ಡ್‌ವೇರ್ ಅಂಗಡಿಗೆ ಎಂಟರ ಬಸ್ಸು ಹಿಡಿಯುವ ಗಂಡ ರೂಪೇಶನ ಬುತ್ತಿ ಕಟ್ಟಿ, ಬಟ್ಟೆ ಒಗೆದು, ಅಂಗಳ ಗುಡಿಸಿ, ಮಸಾಲೆ ಅರೆದು, ಮೀನು ಬಂದರೆ ಮೀನು ಕೊಯ್ದು, ಊಟ ಬಡಿಸಿ, ಪಾತ್ರೆ ತೊಳೆದು ಕೈ ಒರಸಿಕೊಳ್ಳುವಾಗ ಎರಡು ಗಂಟೆ. ಎರಡರಿಂದ ಐದೂವರೆಯವರೆಗೆ ಕಂಪ್ಯೂಟರ್ ಕೆಲಸ. ಆಮೇಲೆ ಮತ್ತೆ ಒಲೆಯ ಮುಂದೆ. ಇಷ್ಟರಲ್ಲಿ ಕೆಲಸ ಎಂಬ ಹೆಸರು ಇದ್ದದ್ದು ಕಂಪ್ಯೂಟರಿನದಕ್ಕೆ ಮಾತ್ರ, ಅದಕ್ಕೆ ಹೊರಗಿನಿಂದ ಸಂಬಳ ಬರುತ್ತಿತ್ತು.

ಆ ಕೆಲಸ ಮಣಿಪಾಲದ ಒಂದು ಸ್ಕ್ಯಾನಿಂಗ್ ಕಂಪೆನಿಯದು. ಹಳೆಯ ರಿಜಿಸ್ಟರುಗಳ ಪುಟಗಳನ್ನು ಅಲ್ಲಿ ಸ್ಕ್ಯಾನ್ ಮಾಡುತ್ತಿದ್ದರು. ಅವರ ಯಂತ್ರ ಪ್ರತಿ ಪುಟದ ಹೆಸರಿನ ಕೊನೆಗೂ .jpeg ಎಂಬ ಬಾಲ ಅಂಟಿಸುತ್ತಿತ್ತು. ಪುಟಗಳನ್ನು ಪಡೆಯುವ ಕಚೇರಿಯ ವೆಬ್‌ಸೈಟ್ .jpg ಎಂಬ ಬಾಲವನ್ನಷ್ಟೇ ಒಪ್ಪುತ್ತಿತ್ತು. ಒಳಗಿನ ಚಿತ್ರ ಅದೇ, ಒಂದು ಅಕ್ಷರ ಹೋಗಬೇಕು. ಆ ಒಂದು ಅಕ್ಷರ ತೆಗೆಯಲು ಹತ್ತು ಮಂದಿ ಹೆಂಗಸರು ಅವರವರ ಮನೆಯಲ್ಲಿ ಕುಳಿತಿದ್ದರು. ಮೇಲ್ವಿಚಾರಕಿ ವಿಜೇತಾ ಬೆಳಿಗ್ಗೆ ಫೋಲ್ಡರ್ ಕಳಿಸುತ್ತಿದ್ದಳು, ಸಂಜೆಗೆ ಅದು ವಾಪಸ್ ಹೋಗಬೇಕು. ದಿನಕ್ಕೆ ಏಳುನೂರು ಫೈಲು. ಫೈಲಿನ ಮೇಲೆ ನಿಂತು ಎಫ್-ಎರಡು ಒತ್ತಬೇಕು, ಬಾಲದವರೆಗೆ ಹೋಗಿ ಅಕ್ಷರ ಅಳಿಸಿ ಎಂಟರ್ ಒತ್ತಬೇಕು. ಆಗ ಕಂಪ್ಯೂಟರ್ ಕೇಳುತ್ತದೆ: ಹೀಗೆ ಮಾಡಿದರೆ ಫೈಲು ಕೆಡಬಹುದು, ಖಂಡಿತವಾಗಿ ಬದಲಾಯಿಸಬೇಕೇ? ಹೌದು ಎನ್ನಬೇಕು. ದಿನಕ್ಕೆ ಏಳುನೂರು ಸಲ ಹೌದು.

ಕಂಪ್ಯೂಟರ್ ಇದ್ದದ್ದು ಜಗಲಿಗೆ ತಾಗಿದ ಸಣ್ಣ ಕೋಣೆಯಲ್ಲಿ. ಜಗಲಿಯಲ್ಲಿ ಬೀಡಿ ಕಟ್ಟುವ ಕೆಲಸ ನಡೆಯುತ್ತದೆ, ಹೊಗೆಸೊಪ್ಪಿನ ಧೂಳು ಕಂಪ್ಯೂಟರಿಗೆ ಒಳ್ಳೆಯದಲ್ಲ ಎಂದು ರೂಪೇಶನೇ ಬಾಗಿಲು ಹಾಕಿಕೊಳ್ಳಲು ಹೇಳಿದ್ದ. ಮದುವೆಯಾದ ಹದಿನೇಳು ವರ್ಷಗಳಲ್ಲಿ ಹಗಲು ಹೊತ್ತು ಆ ಮನೆಯಲ್ಲಿ ಗುಣವತಿ ಒಳಗಿದ್ದು ಬಾಗಿಲು ಹಾಕಿಕೊಂಡದ್ದು ಅದೇ ಮೊದಲು. ಅದನ್ನು ಹಾಕಿದ್ದು ಅವಳಿಗಾಗಿ ಅಲ್ಲ, ಕಂಪ್ಯೂಟರಿಗಾಗಿ.

ಬೀಡಿ ಕಟ್ಟುವವರು ಅತ್ತೆ ಕಮಲ. ತುಳುವಿನ ರೂಢಿಯಂತೆ ಗುಣವತಿ ಅವರನ್ನು ಮಾಮಿ ಎನ್ನುತ್ತಾಳೆ. ಹನ್ನೆರಡನೆಯ ವಯಸ್ಸಿಗೆ ಹಿಡಿದ ಕತ್ತರಿಯನ್ನು ಕಮಲ ಎಪ್ಪತ್ತೊಂದಾದರೂ ಕೆಳಗಿಟ್ಟಿರಲಿಲ್ಲ. ಎಲೆ, ಹೊಗೆಸೊಪ್ಪು ತುಂಬಿದ ತಡ್ಪೆಯನ್ನು, ಅಂದರೆ ಮೊರವನ್ನು, ಮಡಿಲಲ್ಲಿಟ್ಟುಕೊಂಡು ಅವರು ಮನೆಯನ್ನು ಕಿವಿಯಿಂದಲೇ ಕಾಯುತ್ತಿದ್ದರು. ಹತ್ತು ಜನ ಒಟ್ಟಿಗೆ ಕುಳಿತು ಎಲೆ ಕತ್ತರಿಸುವಾಗ ಯಾರ ಕೈ ನಿಧಾನವಾಯಿತು ಎಂದು ಸದ್ದಿನಲ್ಲೇ ಹೇಳುವ ಕಿವಿ ಅದು. ಕಂಪ್ಯೂಟರಿನ ಕೀಲಿಗಳ ಸದ್ದು ಸ್ವಲ್ಪ ನಿಂತರೆ ಸಾಕು.

"ಗುಣಾ, ನಿಂತಿತಲ್ಲ?"

"ನೀರು ಕುಡಿದದ್ದು ಮಾಮಿ."

"ನೀರು ಕುಡಿಲಿಕ್ಕೆ ಇಷ್ಟು ಹೊತ್ತಾ? ಎಂತ, ಬಾವಿಯನ್ನೇ ಕುಡಿದಿಯಾ?"

ಹೋದ ದೀಪಾವಳಿಗೆ ಕಪಾಟು ಸ್ವಚ್ಛ ಮಾಡುವಾಗ ಸೀರೆಗಳ ಅಡಿಯಲ್ಲಿ ಗುಣವತಿಯ ಹಳೆಯ ನೋಟ್ ಪುಸ್ತಕ ಸಿಕ್ಕಿತು. ಮದುವೆಗೆ ಮೊದಲು ಅವಳು ಕಾರ್ಕಳದಲ್ಲಿ ಆರು ತಿಂಗಳ ಕಂಪ್ಯೂಟರ್ ಡಿಪ್ಲೊಮಾ ಮಾಡಿದ್ದಳು, ಫಸ್ಟ್ ಕ್ಲಾಸು. ಹೆಣ್ಣು ನೋಡಲು ಬಂದವರಿಗೆ ಹೇಳಲು ಅದು ಉಪಯೋಗಕ್ಕೆ ಬಂದಿತ್ತು. ಪುಸ್ತಕದಲ್ಲಿ ಅವಳದೇ ದುಂಡು ಅಕ್ಷರ, ಕರಿ ಪರದೆಯಲ್ಲಿ ಟೈಪ್ ಮಾಡುವ ಕಮಾಂಡುಗಳ ಪಟ್ಟಿ. ನಕ್ಷತ್ರದ ಚಿಹ್ನೆ ಹಾಕಿದರೆ 'ಎಲ್ಲವೂ' ಎಂದು ಅರ್ಥ ಎಂಬ ಟಿಪ್ಪಣಿಗೆ ಕೆಂಪು ಶಾಯಿಯ ಗೆರೆ ಬೇರೆ. ಮರುದಿನ ಮಧ್ಯಾಹ್ನ ಅವಳು ಫೋಲ್ಡರಿನ ಒಳಗಿನಿಂದ ಕರಿ ಪರದೆ ತೆರೆದು ಒಂದು ಸಾಲು ಬರೆದಳು:

ren *.jpeg *.jpg

ಎಂಟರ್ ಒತ್ತಿದಳು. ಪರದೆಯಲ್ಲಿ ಏನೂ ಬರಲಿಲ್ಲ. ಕರ್ಸರ್ ಕೆಳಗಿನ ಸಾಲಿಗೆ ಇಳಿದು ಮಿನುಗಿತು. ತಪ್ಪಾಗಿರಬೇಕು ಎಂದು ಫೋಲ್ಡರ್ ನೋಡಿದರೆ ಏಳುನೂರೂ ಬದಲಾಗಿದ್ದವು. ಕ್ಲಾಸಿನ ಮೇಷ್ಟ್ರು ಹೇಳಿದ್ದು ಆಗ ನೆನಪಾಯಿತು: ಕೆಲಸ ಸರಿಯಾದರೆ ಇದು ಏನೂ ಹೇಳುವುದಿಲ್ಲ, ತಪ್ಪಾದರೆ ಮಾತ್ರ ಬಾಯಿ ಬಿಡುತ್ತದೆ. ಹದಿನೇಳು ವರ್ಷ ಸೊಸೆಯಾಗಿದ್ದವಳಿಗೆ ಆ ಸ್ವಭಾವ ಹೊಸದಲ್ಲ.

ಗಡಿಯಾರದಲ್ಲಿ ಎರಡು ಗಂಟೆ ನಾಲ್ಕು ನಿಮಿಷ. ಐದೂವರೆಯವರೆಗೆ ಅವಳನ್ನು ಕೇಳುವವರಿರಲಿಲ್ಲ. ಅವಳು ಓದಲಿಲ್ಲ, ಬರೆಯಲಿಲ್ಲ, ಯಾರಿಗೂ ಫೋನ್ ಮಾಡಲಿಲ್ಲ. ನೆಲದ ಮೇಲೆ ಹಳೆಯ ಹೊದಿಕೆ ಹಾಸಿ ಮಲಗಿದಳು.

"ಗುಣಾ, ನಿಂತಿತಲ್ಲ?"

ಎದ್ದು ಕೀಲಿಗಳನ್ನು ಕುಟ್ಟಿದಳು. ಮತ್ತೆ ಮಲಗಿದಳು. ಮತ್ತೆ ಕರೆ. ಹೀಗೆ ಎರಡು ತಿಂಗಳು ತುಂಡು ತುಂಡಾಗಿ ನಿದ್ದೆ ಮಾಡಿದಳು, ಹತ್ತು ನಿಮಿಷ, ಹದಿನೈದು ನಿಮಿಷ. ಜನವರಿಯಲ್ಲಿ ಅವಳಿಗೆ ಉಪಾಯ ಹೊಳೆಯಿತು. ಕಮಲ ಕಟ್ಟಿದ ಬೀಡಿ ಕೊಟ್ಟು ಬರಲು ವಾರಕ್ಕೆ ಎರಡು ಸಲ ಬೆಳಿಗ್ಗೆ ಬೀಡಿ ಕಂಪೆನಿಯ ಬ್ರಾಂಚಿಗೆ ಹೋಗಿ ಊಟದ ಹೊತ್ತಿಗೆ ಬರುತ್ತಿದ್ದರು. ಅಂಥ ಒಂದು ದಿನ ಗುಣವತಿ ಫೋನನ್ನು ಕೀಲಿಮಣೆಯ ಪಕ್ಕದಲ್ಲಿಟ್ಟು ರೆಕಾರ್ಡಿಂಗ್ ಹಾಕಿ, ಎರಡೂವರೆ ಗಂಟೆ ಹಳೆಯ ರೀತಿಯಲ್ಲೇ ಒಂದೊಂದಾಗಿ ಬಾಲ ಬದಲಾಯಿಸಿದಳು. ಅಂದು ಮಧ್ಯಾಹ್ನ ಕಮಾಂಡು ಒತ್ತಿದ ಮೇಲೆ ಫೋನನ್ನು ಕಿಟಕಿಯ ಬಳಿ ಇಟ್ಟು, ಅದೇ ಸದ್ದು ಮತ್ತೆ ಮತ್ತೆ ಬರುವಂತೆ ಮಾಡಿ, ಮಲಗಿದಳು. ಯಾರೂ ಕರೆಯಲಿಲ್ಲ. ಎಚ್ಚರಾದಾಗ ಕೆನ್ನೆಯ ಮೇಲೆ ಹೊದಿಕೆಯ ಮಡಿಕೆ ಮೂಡಿತ್ತು, ಐದು ಗಂಟೆ ದಾಟಿತ್ತು.

ಆ ತಿಂಗಳು ಅವಳ ಮುಖದಲ್ಲಿ ಬಣ್ಣ ಬಂತು. ಕಬ್ಬಿಣದ ಮಾತ್ರೆ ಹಿಡಿದಿದೆ ಎಂದು ರೂಪೇಶ ಹೇಳಿದ.

ಜಗಲಿಯಲ್ಲಿ ಬೇರೆಯೇ ಒಂದು ಸಂಗತಿ ನಡೆಯುತ್ತಿತ್ತು. ಧನರಾಜ ಕಾಪುವಿನಿಂದ ಸ್ಕೂಟರಿನಲ್ಲಿ ಮೀನು ತರುವವನು. ಬರುವುದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಮಧ್ಯಾಹ್ನದ ಮೇಲೆ ಈ ಕಡೆ ತಲೆ ಹಾಕುವುದಿಲ್ಲ. ಎರಡು ಉದ್ದ, ಒಂದು ಗಿಡ್ಡ, ಅದು ಅವನ ಹಾರ್ನ್. ಕಮಲರಿಗೆ ಅದು ಮೂರು ಗಂಟೆಗೆ ಕೇಳತೊಡಗಿತು. ಮೊದಲ ದಿನ ಅವರು ಸ್ಟೀಲಿನ ಪಾತ್ರೆ ಹಿಡಿದು ಬಿಸಿಲಿನಲ್ಲಿ ಗೇಟಿನವರೆಗೆ ಹೋದರು. ರಸ್ತೆ ಖಾಲಿ. ಎರಡನೆಯ ದಿನವೂ ಹೋದರು. ವಾರದ ಮೇಲೆ, ಬೆಳಿಗ್ಗೆ ಧನರಾಜ ಬಂದಾಗ ಜಗಳಕ್ಕೇ ನಿಂತರು.

"ಎಂತ ಮಾರಾಯ, ಮಧ್ಯಾಹ್ನ ಹಾರ್ನ್ ಹೊಡೆದು, ನಾನು ಬರುವುದರೊಳಗೆ ಓಡುವುದಾ? ಕಾಲು ನೋವಿನ ಮುದುಕಿಯನ್ನು ಆಡಿಸುವುದಾ?"

"ಮಧ್ಯಾಹ್ನವಾ? ಅಜ್ಜೀ, ಮಧ್ಯಾಹ್ನ ನಾನು ಉಂಡು ಮಲಗಿದರೆ ಏಳುವುದು ಐದಕ್ಕೆ. ಬೇಕಾದರೆ ನನ್ನ ಹೆಂಡತಿಯನ್ನು ಕೇಳಿ."

"ಹಾಗಾದರೆ ಯಾರು, ನಿನ್ನ ಸ್ಕೂಟರ್ ಒಂದೇ ಬರ್ತದಾ?"

"ನಿಮಗೆ ಕನಸಿನಲ್ಲೂ ಬೂತಾಯಿ ಮೀನೇ. ತಕೊಳ್ಳಿ, ಇವತ್ತು ನಾಲ್ಕು ಜಾಸ್ತಿ ಹಾಕ್ತೇನೆ."

ಧನರಾಜ ನಕ್ಕು ಹೋದ. ಕಮಲ ನಗಲಿಲ್ಲ. ಅವರ ಅಕ್ಕನಿಗೆ ಕೊನೆಯ ವರ್ಷಗಳಲ್ಲಿ ಹೀಗೇ ಆಗಿತ್ತು. ಯಾರೋ ಕರೆದ ಹಾಗೆ ಕೇಳುತ್ತಿತ್ತು. ಅಕ್ಕನ ಮಕ್ಕಳು ಅವಳನ್ನು ಹಿಂದಿನ ಕೋಣೆಯಲ್ಲಿ ಹಾಕಿ ಚಿಲಕ ಹಾಕುತ್ತಿದ್ದರು. ಊಟದ ತಟ್ಟೆಯನ್ನು ಬಾಗಿಲ ಸಂದಿನಿಂದ ತಳ್ಳುವುದನ್ನು ಕಮಲ ಕಣ್ಣಾರೆ ನೋಡಿ ಬಂದವರು. ಆ ದಿನದಿಂದ ಮೂರು ಗಂಟೆಗೆ ಹಾರ್ನ್ ಕೇಳಿದರೆ ಅವರು ಏಳುತ್ತಿರಲಿಲ್ಲ, ತಲೆ ತಗ್ಗಿಸಿ ಬೀಡಿ ಕಟ್ಟುತ್ತಿದ್ದರು. ಆದರೆ ಧನರಾಜ ಸುಮ್ಮನಿರಲಿಲ್ಲ. ಕಾರ್ಕಳದ ಅಂಗಡಿಗೆ ಪೈಪು ಕೊಳ್ಳಲು ಹೋದವನು ರೂಪೇಶನಿಗೆ ತಮಾಷೆಯೆಂದು ಎಲ್ಲವನ್ನೂ ಹೇಳಿದ.

ರೂಪೇಶ ಅಂದು ಸಂಜೆ ಹೆಂಡತಿಗೆ ಹೇಳಿದ, "ಅಮ್ಮನಿಗೆ ಇಲ್ಲದ ಹಾರ್ನ್ ಕೇಳ್ತದಂತೆ. ದೊಡ್ಡಮ್ಮನದೇ ಕಾಯಿಲೆ. ಬುಧವಾರ ಮಣಿಪಾಲಕ್ಕೆ ಕರ್ಕೊಂಡು ಹೋಗ್ತೇನೆ. ತಲೆಯ ಡಾಕ್ಟರಿಗೆ ತೋರಿಸುವುದು ಒಳ್ಳೆಯದು."

ಮರುದಿನ ಗುಣವತಿ ಮಲಗಲಿಲ್ಲ. ಫೋನನ್ನು ಕಿವಿಗೆ ಹಿಡಿದು ಕುಳಿತಳು. ಕೀಲಿ, ಕೀಲಿ, ಕೀಲಿ. ಐವತ್ತೈದನೆಯ ನಿಮಿಷಕ್ಕೆ, ದೂರದ ರಸ್ತೆಯಿಂದ, ಎರಡು ಉದ್ದ ಒಂದು ಗಿಡ್ಡ. ರೆಕಾರ್ಡ್ ಮಾಡಿದ ದಿನ ಹನ್ನೊಂದಕ್ಕೆ ಧನರಾಜ ಬಂದಿದ್ದ. ದಿನಾ ಕೇಳುವ ಸದ್ದಾದ್ದರಿಂದ ಅದು ಅವಳ ಕಿವಿಗೆ ಬಿದ್ದಿರಲಿಲ್ಲ. ಆಮೇಲೆ ಒಂದು ದಿನವೂ ಅವಳು ಅದನ್ನು ಕೇಳಿರಲಿಲ್ಲ, ಯಾಕೆಂದರೆ ಐವತ್ತೈದನೆಯ ನಿಮಿಷದವರೆಗೆ ಅವಳು ಎಚ್ಚರವಿದ್ದದ್ದೇ ಇಲ್ಲ.

ಹೇಳಿಬಿಡಬಹುದಿತ್ತು. ಬುಧವಾರಕ್ಕೆ ಎರಡು ದಿನ ಇತ್ತು. ಹೇಳಿದರೆ ಬಾಗಿಲು ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಡಾಕ್ಟರು ನೋಡಿ ಏನೂ ಇಲ್ಲ ಎನ್ನುತ್ತಾರೆ, ಹಾರ್ನೂ ನಿಂತಿರುತ್ತದೆ, ಮುಗಿಯಿತು ಎಂದು ತನಗೆ ತಾನೇ ಹೇಳಿಕೊಂಡಳು. ಬುಧವಾರ ಅಮ್ಮ ಮಗ ಮಣಿಪಾಲಕ್ಕೆ ಹೋದ ಮೇಲೆ, ಖಾಲಿ ಮನೆಯಲ್ಲಿ, ಹನ್ನೊಂದು ದಾಟುವುದನ್ನು ಕಾದು ಹೊಸದಾಗಿ ರೆಕಾರ್ಡ್ ಮಾಡಿದಳು. ನಾಯಿ ಬೊಗಳಿದ್ದಕ್ಕೆ ಒಮ್ಮೆ ಅಳಿಸಿ ಮತ್ತೆ ಮಾಡಿದಳು.

ಡಾಕ್ಟರು ಏನೂ ಇಲ್ಲ ಎನ್ನಲಿಲ್ಲ. ಇಲ್ಲದ ಸದ್ದು, ದಿನಾ ಒಂದೇ ಹೊತ್ತಿಗೆ, ಅಕ್ಕನಿಗೂ ಇತ್ತು. ರೂಪೇಶ ಎಲ್ಲವನ್ನೂ ನೆನಪಿನಿಂದ ಕ್ರಮವಾಗಿ ಹೇಳಿದ್ದ. ಎರಡು ಬಗೆಯ ಮಾತ್ರೆ ಬಂತು. ಮಾರನೆಯ ದಿನದಿಂದ ಹಾರ್ನ್ ಇಲ್ಲ.

"ನೋಡಿದಿಯಾ ಮದ್ದಿನ ಗುಣ?" ರೂಪೇಶ ಹೇಳಿದ. "ಇದನ್ನು ಇನ್ನು ಬಿಡ್ಲಿಕ್ಕಿಲ್ಲ."

ಎರಡು ವಾರದಲ್ಲಿ ಕಮಲರ ಕೈ ನಡುಗತೊಡಗಿತು. ಮಾತು ಹಲ್ಲಿಗೆ ಅಂಟಿದ ಹಾಗೆ ಬರುತ್ತಿತ್ತು. ಸುತ್ತಿದ ಎಲೆ ಬಿಚ್ಚಿಕೊಳ್ಳುತ್ತಿತ್ತು, ದಾರದ ಗಂಟು ಜಾರುತ್ತಿತ್ತು. ಐವತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಬ್ರಾಂಚಿನವರು ಅವರ ಬೀಡಿಯನ್ನು ಬೇಡವೆಂದು ವಾಪಸ್ ಕೊಟ್ಟರು. ಅವರು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಜಗಲಿಯಲ್ಲಿ ಕುಳಿತು ಒಂದೊಂದನ್ನೇ ಬಿಚ್ಚಿದರು. ಗುಣವತಿ ಆ ದಿನಗಳಲ್ಲೂ ಮಲಗಿದಳು. ನಿದ್ದೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಕಮಲ ಈಗ ಕರೆಯುತ್ತಲೂ ಇರಲಿಲ್ಲ.

ಶಿವರಾತ್ರಿಯ ಮರುದಿನ ಮಧ್ಯಾಹ್ನ ಬಚ್ಚಲಿನಲ್ಲಿ ತಂಬಿಗೆ ಬಿದ್ದ ಸದ್ದಿಗೆ ಅವಳಿಗೆ ಎಚ್ಚರವಾಯಿತು. ಕಮಲ ಒದ್ದೆ ನೆಲದ ಮೇಲೆ ಬಿದ್ದಿದ್ದರು, ಮೊಣಕೈ ಸುಲಿದಿತ್ತು. ಎತ್ತಿ ಕೂರಿಸಿ, ಸೀರೆ ಬದಲಾಯಿಸಿ, ಅರಸಿನ ಹಚ್ಚುವಾಗ ಕಮಲ ಕೇಳಿದರು.

"ಗುಣಾ, ನನಗೆ ಮರುಳು ಹಿಡಿದದ್ದು ಹೌದಾ? ನೀನಾದರೂ ನಿಜ ಹೇಳು."

"ಇಲ್ಲ ಮಾಮಿ."

"ಹಾರ್ನ್ ಕೇಳಿದ್ದು ನಿಜ. ದೇವರಾಣೆ ನಿಜ. ಆದರೆ ಮಾತ್ರೆ ತಿಂದ ಕೂಡಲೆ ನಿಂತಿತಲ್ಲ. ಹಾಗಾದರೆ ಮರುಳೇ ಅಲ್ವಾ?" ಸೆರಗು ಸರಿಮಾಡಿಕೊಂಡು ಹೇಳಿದರು, "ಕೋಣೆಗೆ ಹಾಕುವುದಾದರೆ ಹಿಂದಿನದು ಬೇಡ. ಅಲ್ಲಿ ಗಾಳಿ ಇಲ್ಲ."

ಗುಣವತಿ ಕೋಣೆಗೆ ಹೋಗಿ ಫೋನ್ ತಂದಳು. ಹಳೆಯ ರೆಕಾರ್ಡಿಂಗ್ ಇನ್ನೂ ಅದರಲ್ಲಿತ್ತು. ಐವತ್ತನಾಲ್ಕನೆಯ ನಿಮಿಷಕ್ಕೆ ಎಳೆದು ಅತ್ತೆಯ ಕೈಗೆ ಕೊಟ್ಟಳು. ಕೀಲಿ, ಕೀಲಿ, ಆಮೇಲೆ ಹಾರ್ನ್. ಕಮಲ ಫೋನನ್ನು ವಾಪಸ್ ಚಾಚಿದರು.

"ಇನ್ನೊಂದು ಸಲ ಹಾಕು."

ಹಾಕಿದಳು. ಮೂರನೆಯ ಸಲಕ್ಕೆ ಅವರ ಮುಖದಲ್ಲಿ ಬಿಗಿ ಸಡಿಲವಾಯಿತು. "ಅವನದೇ. ಎರಡು ಉದ್ದ, ಒಂದು ಗಿಡ್ಡ. ನಾನು ಹೇಳಿದ್ದೇ ಅಲ್ವಾ?" ಎಂದರು. ಆಮೇಲೆ ಕೀಲಿಗಳ ಸದ್ದಿಗೆ ಕಿವಿ ಕೊಟ್ಟರು. "ಇದು ನಿನ್ನ ಕೈ. ಇದನ್ನು ಯಾಕೆ ಹಿಡಿದು ಇಟ್ಟದ್ದು?"

ಗುಣವತಿ ಎಲ್ಲವನ್ನೂ ಹೇಳಿದಳು. ಕಮಾಂಡು, ಸದ್ದು, ಹೊದಿಕೆ.

"ಫೋನಿನಲ್ಲಿ ಯಾರ ಹತ್ತಿರವಾದರೂ ಮಾತಾಡ್ಲಿಕ್ಕಾ?"

"ಅಲ್ಲ ಮಾಮಿ."

"ಮತ್ತೆ?"

"ಮಲಗ್ಲಿಕ್ಕೆ."

"ಬರೀ ಮಲಗ್ಲಿಕ್ಕಾ?"

"ಹೌದು."

ಗಂಡಸಿನ ವಿಷಯ ಎಂದಿದ್ದರೆ ಕಮಲರಿಗೆ ಅರ್ಥವಾಗುತ್ತಿತ್ತು. ಬಯ್ಯಲಿಕ್ಕೆ ಮಾತುಗಳೂ ತಯಾರಿದ್ದವು. "ನಾನು ಹಗಲು ಮಲಗಿದವಳಲ್ಲ," ಎಂದರು. "ನಾಲ್ಕು ಹೆತ್ತೆ, ಹನ್ನೊಂದನೆಯ ದಿನಕ್ಕೆ ತಡ್ಪೆ ಹಿಡಿದೆ. ನೀನು ಮಲಗ್ಲಿಕ್ಕೆ ನನ್ನನ್ನು ಮರುಳಿ ಮಾಡಿದಿ."

ಗುಣವತಿ ಅರಸಿನದ ಬಟ್ಟಲು ಎತ್ತಿಟ್ಟಳು.

ಅಂದು ಸಂಜೆ ರೂಪೇಶ ಚಪ್ಪಲಿ ಬಿಡುವ ಮೊದಲೇ ಕಮಲ ಫೋನನ್ನು ಅವನ ಕಿವಿಗೆ ಹಿಡಿದರು. ಅವರಿಗೆ ಬೇಕಾದದ್ದು ಒಂದೇ, ತನಗೆ ಮರುಳಿಲ್ಲ ಎಂದು ಮಗ ಬಾಯಿಬಿಟ್ಟು ಹೇಳಬೇಕು. ಅವನು ಹೇಳಲೂ ಇಲ್ಲ, ಕೂಗಾಡಲೂ ಇಲ್ಲ. ಕೋಣೆಗೆ ಹೋಗಿ ಕಂಪ್ಯೂಟರಿನ ಮುಂದೆ ನಿಂತ.

"ಎಲ್ಲಿ, ತೋರಿಸು."

ಅವಳು ಬೆಳಿಗ್ಗೆ ಬಂದ ಫೋಲ್ಡರಿನ ಇನ್ನೊಂದು ಪ್ರತಿ ತೆರೆದು, ಟೈಪ್ ಮಾಡಿ ಎಂಟರ್ ಒತ್ತಿದಳು.

"ಆಯ್ತಾ?"

"ಆಯ್ತು."

"ಏಳುನೂರೂ?"

"ಹೌದು."

"ಮೂರೂವರೆ ಗಂಟೆಯ ಕೆಲಸ ಇದಾ?" ಅವನು ಬೆರಳು ಮಡಚಿ ಲೆಕ್ಕ ಹಾಕಿದ. "ಹಾಗಾದರೆ ದಿನಕ್ಕೆ ಹತ್ತು ಫೋಲ್ಡರ್ ಮಾಡಬಹುದಲ್ಲ. ಇಷ್ಟು ದಿನ ಸುಮ್ಮನೆ ಬಿದ್ದುಕೊಂಡಿದ್ದಿ ಮಾರಾಯ್ತಿ."

ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವ ಹಾಗಿರಲಿಲ್ಲ, ನಿಧಾನವಾಗಿ ಕಡಿಮೆ ಮಾಡಬೇಕು ಎಂದು ಡಾಕ್ಟರು ಹೇಳಿದರು. ಆ ಭಾನುವಾರ ಕಂಪ್ಯೂಟರಿನ ಮೇಜು ಕೋಣೆಯಿಂದ ಜಗಲಿಗೆ ತೆರೆದ ಚಾವಡಿಗೆ ಬಂತು, ಕಮಲ ಕೂರುವ ಜಾಗಕ್ಕೆ ನೇರವಾಗಿ. ಧೂಳಿನ ಮಾತನ್ನು ಯಾರೂ ಎತ್ತಲಿಲ್ಲ. ಸೋಮವಾರ ರೂಪೇಶ ಅಂಗಡಿಗೆ ರಜೆ ಹಾಕಿ ಮಣಿಪಾಲದ ಕಂಪೆನಿಗೆ ಹೋದ. ವಿಜೇತಾಳನ್ನು ದಾಟಿ ಮ್ಯಾನೇಜರನ್ನೇ ಕಂಡ. ನನ್ನ ಹೆಂಡತಿ ದಿನಕ್ಕೆ ಹತ್ತು ಪಾಲು ಮಾಡಿಕೊಡುತ್ತಾಳೆ, ಅದಕ್ಕೊಂದು ಉಪಾಯ ಉಂಟು ಎಂದ. ಎಂತ ಉಪಾಯ ಎಂದು ಮ್ಯಾನೇಜರ್ ಕೇಳಿದ. ರೂಪೇಶ ಹೆಮ್ಮೆಯಿಂದ ಅಲ್ಲೇ ಕುಳಿತು ಟೈಪ್ ಮಾಡಿ ತೋರಿಸಿದ. ಒಂದು ಸಾಲು, ಅವನಿಗೆ ಬಾಯಿಪಾಠವಾಗಿತ್ತು.

ಮಂಗಳವಾರ ಬೆಳಿಗ್ಗೆ ಫೋಲ್ಡರ್ ಬರಲಿಲ್ಲ. ಬುಧವಾರವೂ ಬರಲಿಲ್ಲ. ಗುರುವಾರ ವಿಜೇತಾಳ ಫೋನ್ ಬಂತು.

"ಅಕ್ಕಾ, ಇನ್ನು ಆ ಕೆಲಸ ಇಲ್ಲ. ಅದನ್ನು ಇಲ್ಲೇ ಸ್ಕ್ಯಾನರಿನ ಹತ್ತಿರ ಮಾಡ್ತಾರೆ. ಹತ್ತು ಜನರದ್ದೂ ನಿಂತಿತು."

"ನನ್ನಿಂದ ಆದದ್ದು, ಅಲ್ವಾ?"

"ನಿಮ್ಮ ಯಜಮಾನರಿಂದ." ವಿಜೇತಾ ದನಿ ತಗ್ಗಿಸಿದಳು. "ನನಗೆ ಮೊದಲ ದಿನದಿಂದಲೇ ಗೊತ್ತಿತ್ತು ಅಕ್ಕ, ಅದು ಒಂದು ಸಾಲಿನ ಕೆಲಸ ಅಂತ. ನಾನೂ ಕಂಪ್ಯೂಟರ್ ಕಲಿತವಳೇ ಅಲ್ವಾ? ನೀವು ವಾಪಸ್ ಕಳಿಸುವ ಫೈಲುಗಳನ್ನು ನೋಡಿದರೂ ಗೊತ್ತಾಗ್ತದೆ, ಕೈಯಲ್ಲಿ ಮಾಡಿದರೆ ಏಳುನೂರರಲ್ಲಿ ಒಂದೆರಡಾದರೂ ತಪ್ಪುತ್ತವೆ, ನಿಮ್ಮದರಲ್ಲಿ ಒಂದೂ ತಪ್ಪುವುದಿಲ್ಲ. ಹತ್ತರಲ್ಲಿ ಏಳು ಜನರದ್ದು ಹಾಗೇ ಬರ್ತಿತ್ತು."

ಗುಣವತಿ ಚಾವಡಿಯ ಗೋಡೆಗೆ ಒರಗಿದಳು. "ಏಳು ಜನರದ್ದಾ?"

"ಹೌದು. ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ."

"ಅವರೆಲ್ಲ ಆ ಹೊತ್ತಿನಲ್ಲಿ ಎಂತ ಮಾಡ್ತಿದ್ದರು?"

"ನನಗೇನು ಗೊತ್ತು ಅಕ್ಕ. ಒಬ್ಬರು ಪರೀಕ್ಷೆಗೆ ಓದ್ತಿದ್ದರು ಅಂತ ಕಾಣ್ತದೆ. ಉಳಿದವರದ್ದು ಗೊತ್ತಿಲ್ಲ."

"ಅವರ ನಂಬರ್ ಉಂಟಾ? ನಾನು ಒಮ್ಮೆ ಮಾತಾಡಬೇಕಿತ್ತು."

"ಕೊಡುವ ಹಾಗಿಲ್ಲ. ಮಾತಾಡಿ ಎಂತ ಮಾಡ್ತೀರಿ? ಬೈಗುಳ ತಿಂತೀರಿ, ಅಷ್ಟೇ." ವಿಜೇತಾ ಫೋನ್ ಇಡಲು ಹೊರಟವಳು ತಡೆದಳು. "ಆ ಏಳು ಜನರಲ್ಲಿ ಪೆರ್ಡೂರಿನವರೊಬ್ಬರು ಬೆಳಿಗ್ಗೆಯಿಂದ ಮೂರು ಸಲ ಫೋನ್ ಮಾಡಿದರು. ಬೇರೆ ಕೆಲಸ ಇದ್ದರೆ ಕೊಡಿ ಅಂತ. ಬೇರೆ ಕೆಲಸಕ್ಕೆ ಕಂಪೆನಿಯವರು ಕೊಡುವುದು ಇನ್ನೂ ಕಡಿಮೆ ಅಂದೆ. ದುಡ್ಡು ಎಷ್ಟಾದರೂ ಆಗ್ತದೆ, ಆದರೆ ಇದು ಬಾಗಿಲು ಹಾಕಿಕೊಂಡೇ ಮಾಡಬೇಕಾದ ಕೆಲಸ ಅಂತ ಮನೆಯವರಿಗೆ ಒಂದು ಕಾಗದ ಬರೆದುಕೊಡ್ತೀರಾ ಅಂತ ಕೇಳಿದರು."

"ನೀನು ಎಂತ ಹೇಳಿದೆ?"

"ಕಂಪೆನಿಯ ಲೆಟರ್‌ಹೆಡ್ಡಿನಲ್ಲಿ ಹಾಗೆಲ್ಲ ಬರೆಯುವ ಹಾಗಿಲ್ಲ ಅಂದೆ."